ಆಮ ಮತ್ತು ಪಕ್ವ: ಹಸಿ ಯಕೃತ್ತಿನ ಪ್ರಶ್ನೆ

ಪ್ರಾಣಿಯ ಒಳಾಂಗಗಳನ್ನು ಹಸಿಯಾಗಿ ತಿನ್ನುವ ಬಗೆಗಿನ ವಾದಗಳಲ್ಲಿ ಎರಡು ಸಂಗತಿಗಳು ಸದಾ ಕಲೆತುಹೋಗುತ್ತವೆ. ಒಂದು ಅಂಗದ ಗುಣ, ಇನ್ನೊಂದು ಹಸಿತನದ ಗುಣ. ಮಟನ್ ಅಂಗಡಿಯವರು ಲಿವರ್ ಎಂದು ತೂಗಿಕೊಡುವ ಯಕೃತ್ತಿನ ಮಟ್ಟಿಗೆ ಮೊದಲನೆಯದರಲ್ಲಿ ತಕರಾರಿಲ್ಲ. ನೂರು ಗ್ರಾಂ ದನದ ಯಕೃತ್ತಿನಲ್ಲಿ ಸುಮಾರು 60 ಮೈಕ್ರೋಗ್ರಾಂ ಬಿ12 ಜೀವಸತ್ವವಿರುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಎರಡೂವರೆ ಮೈಕ್ರೋಗ್ರಾಂಗಿಂತ ಕಡಿಮೆ. 1926ರಲ್ಲಿ ಬಾಸ್ಟನ್ನಿನ ಜಾರ್ಜ್ ಮೈನಟ್ ಮತ್ತು ವಿಲಿಯಂ ಮರ್ಫಿ ಅವರು, ಅದುವರೆಗೆ ಸಾವು ಖಚಿತವೆನಿಸಿದ್ದ ಪರ್ನಿಶಿಯಸ್ ಅನೀಮಿಯಾ ಎಂಬ ರಕ್ತಹೀನತೆಯ ರೋಗಿಗಳಿಗೆ ದಿನವೂ ಯಕೃತ್ತು ತಿನ್ನಿಸಿ ಬದುಕಿಸಿದರು. ರಕ್ತ ಕಳೆದುಕೊಂಡ ನಾಯಿಗಳ ಮೇಲೆ ಅದಕ್ಕೂ ಮುಂಚೆ ಪ್ರಯೋಗ ಮಾಡಿದ್ದ ಜಾರ್ಜ್ ವಿಪ್ಪಲ್ ಜೊತೆಗೆ 1934ರಲ್ಲಿ ಅವರಿಗೆ ನೊಬೆಲ್ ಬಂತು. ಹಸಿ ಯಕೃತ್ತಿನ ಪರ ವಾದಿಸುವವರು ಈ ಕಥೆಯನ್ನು ಬಿಡದೆ ಹೇಳುತ್ತಾರೆ. ಬೇಯಿಸಿದ ಯಕೃತ್ತೂ ಆ ರೋಗಿಗಳಿಗೆ ನಾಟಿತ್ತು ಎಂಬುದನ್ನು ಹೇಳುವುದಿಲ್ಲ. 1948ರಲ್ಲಿ ಬೇರ್ಪಡಿಸಲಾದ ಬಿ12 ಅಡುಗೆಯ ಬಿಸಿಗೆ ಬಹುಮಟ್ಟಿಗೆ ಜಗ್ಗದು. ಕಬ್ಬಿಣವಂತೂ ಎಲ್ಲಿಗೂ ಹೋಗುವುದಿಲ್ಲ. ಬೆಂಕಿಗೆ ಸೋಲುವುದು ಮುಖ್ಯವಾಗಿ ಸಿ ಜೀವಸತ್ವ ಮತ್ತು ಫೋಲೇಟಿನ ಒಂದಷ್ಟು ಪಾಲು. ಸೊಪ್ಪು, ಹಣ್ಣು ಸಿಗುವ ಊರಿನಲ್ಲಿ ಅದೇನೂ ದೊಡ್ಡ ನಷ್ಟವಲ್ಲ.

ಅಪಾಯದ ಪಟ್ಟಿ ಇದಕ್ಕಿಂತ ಉದ್ದ. ಮಾಂಸದ ತುಂಡಿನಲ್ಲಿ ರೋಗಾಣುಗಳು ಹೆಚ್ಚಾಗಿ ಮೇಲ್ಮೈಯಲ್ಲಿರುತ್ತವೆ; ಯಕೃತ್ತಿನ ಒಳಗೇ ಇರಬಲ್ಲವು. ದನದ ಹಸಿ ಯಕೃತ್ತನ್ನು ತೆಳ್ಳಗೆ ಹೆಚ್ಚಿ ತಿನ್ನುವ ರೂಢಿಯಿದ್ದ ಜಪಾನಿನಲ್ಲಿ, 2011ರಲ್ಲಿ ಹಸಿ ದನದ ಮಾಂಸ ತಿಂದು ಐವರು ಸತ್ತ ಮೇಲೆ ಸರ್ಕಾರ ತಪಾಸಣೆ ನಡೆಸಿತು, ಅಪಾಯಕಾರಿ ಇ. ಕೋಲಿ ಯಕೃತ್ತಿನ ಒಳಭಾಗದಲ್ಲೇ ಸಿಕ್ಕಿತು. 2012ರ ಜುಲೈನಲ್ಲಿ ಅದರ ಮಾರಾಟ ನಿಷೇಧವಾಯಿತು. ಜನ ಹಂದಿಯ ಯಕೃತ್ತಿಗೆ ಹೊರಳಿದರು. 2015ರಲ್ಲಿ ಅದನ್ನೂ ನಿಷೇಧಿಸಬೇಕಾಯಿತು, ಏಕೆಂದರೆ ಅದು ಹೆಪಟೈಟಿಸ್ ಇ ವೈರಾಣುವಿನ ತವರು. ಲೆಬನಾನಿನಲ್ಲಿ ಕುರಿ, ಆಡುಗಳ ಹಸಿ ಯಕೃತ್ತನ್ನೂ ಸುಡಾನಿನಲ್ಲಿ ಮರಾರ ಎಂಬ ಹಸಿ ಒಳಾಂಗಗಳ ಖಾದ್ಯವನ್ನೂ ತಿಂದವರಿಗೆ ಕೆಲವೊಮ್ಮೆ ಗಂಟಲು, ಮೂಗಿನ ಹಿಂಬದಿ ಊದಿಕೊಳ್ಳುತ್ತದೆ: ಲಿಂಗ್ವಾಟುಲಾ ಎಂಬ ಪರೋಪಜೀವಿಯ ಮರಿಗಳು ಅಲ್ಲಿ ಕಚ್ಚಿ ಕೂರುವುದರಿಂದ. ನಿಂಬೆರಸ, ಖಾರ, ಫ್ರಿಜ್ಜು ಇವುಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಅಮೆರಿಕದ ಕೃಷಿ ಇಲಾಖೆ ಒಳಾಂಗಗಳ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆನ್ನುತ್ತದೆ. ಲಾಭ ಅಂಗದ್ದು, ಹಾನಿಯಲ್ಲಿ ಬಹುಪಾಲು ಹಸಿತನದ್ದು. ವೈದ್ಯಕೀಯವಾಗಿ ಮಾತು ಇಲ್ಲಿಗೆ ಮುಗಿಯುತ್ತದೆ.

ಆದರೂ ಹಸಿ ತಿನ್ನುವವರು ಪೋಷಕಾಂಶ ಎಣಿಸಿ ತಿಂದವರಲ್ಲ. ಗ್ರೀಕರ ನಗರಗಳಲ್ಲಿ ಬಲಿಯ ಕ್ರಮ ಕಟ್ಟುನಿಟ್ಟಾಗಿತ್ತು. ಗುಂಡಿಗೆ, ಯಕೃತ್ತು, ಶ್ವಾಸಕೋಶ, ಮೂತ್ರಪಿಂಡಗಳನ್ನು ಮೊದಲು ಸಲಾಕೆಗೆ ಚುಚ್ಚಿ ಸುಟ್ಟು, ಬಲಿಪೀಠಕ್ಕೆ ಹತ್ತಿರ ನಿಂತವರು ಹಂಚಿಕೊಂಡು ತಿನ್ನುತ್ತಿದ್ದರು. ಉಳಿದ ಮಾಂಸ ಆಮೇಲೆ ಹಂಡೆಯಲ್ಲಿ ಬೇಯುತ್ತಿತ್ತು. ಉನ್ಮಾದದ ದೇವರಾದ ಡಯೊನೈಸಸ್‌ನ ಭಕ್ತರ ಕಥೆಗಳಲ್ಲಿ ಇದು ತಲೆಕೆಳಗಾಗುತ್ತದೆ. ಅವರು ಕಾಡಿಗೆ ಓಡಿ, ಪ್ರಾಣಿಯನ್ನು ಕೈಯಿಂದಲೇ ಸೀಳಿ ಹಸಿಯಾಗಿ ತಿನ್ನುತ್ತಾರೆ. ಅದಕ್ಕೆ ಒಮೊಫೇಜಿಯಾ, ಅಂದರೆ ಹಸಿಭಕ್ಷಣೆ, ಎಂದು ಹೆಸರು. ಯೂರಿಪಿಡೀಸನ ‘ಬಾಕಯ್’ ನಾಟಕ ಅದರ ಭೀಕರ ರೂಪವನ್ನು ತೋರಿಸಿದರೆ, ಮಿಲೇಟಸ್‌ನಲ್ಲಿ ದೊರೆತ ಕ್ರಿ.ಪೂ. 276ರ ಸುಮಾರಿನ ಶಾಸನವೊಂದು ಹಸಿಮಾಂಸದ ಅರ್ಪಣೆಯನ್ನು ಯಾರು ಮೊದಲು ಮಾಡಬೇಕೆಂದು ಕಚೇರಿಯ ಸುತ್ತೋಲೆಯ ಧಾಟಿಯಲ್ಲಿ ನಿಯಮಿಸುತ್ತದೆ. ಉನ್ಮಾದಕ್ಕೂ ಸರದಿಯ ಸಾಲು! ಅಲ್ಲಿ ಹಸಿತನಕ್ಕಿದ್ದ ಅರ್ಥ ಆರೋಗ್ಯವಲ್ಲ. ಊರಿನ ಕಟ್ಟಳೆಯನ್ನು ದಾಟಿ ದೇವರ ಹತ್ತಿರ ಹೋಗುವುದು.

ಉತ್ತರ ಧ್ರುವ ಪ್ರದೇಶದ ಇನ್ಯುಯಿಟ್ ಜನರಲ್ಲಿ ಅದೇ ಹಸಿತನ ದೈನಂದಿನದು. ಸೀಲ್ ಕೊಂದ ಬೇಟೆಗಾರರು ಹಿಮದ ಮೇಲೆಯೇ ಅದರ ಬಿಸಿ ಯಕೃತ್ತನ್ನು ಕೊಬ್ಬಿನ ಜೊತೆ ತಿನ್ನುತ್ತಾರೆ. ಗಿಡ ಅಷ್ಟಾಗಿ ಬೆಳೆಯದ, ಉರುವಲು ಅಪರೂಪವಾದ ನೆಲದಲ್ಲಿ ಹಸಿ ಅಂಗವೇ ಸಿ ಜೀವಸತ್ವದ ದಾರಿಯಾಗಿತ್ತು. ಸತ್ತ ಸೀಲ್‌ನ ಬಾಯಿಗೆ ಸಿಹಿನೀರು ಬಿಡುವುದು ಅವರ ಹಳೆಯ ಪದ್ಧತಿ: ಉಪ್ಪುನೀರಿನ ಪ್ರಾಣಿಗೆ ಬಾಯಾರಿಕೆ, ಸತ್ಕಾರ ಸಿಕ್ಕರೆ ಅದರ ಆತ್ಮ ಮತ್ತೆ ದೇಹ ತಳೆದು ಬರುತ್ತದೆ. ತಿನ್ನುವವನು ಇಲ್ಲಿ ಋಣಿ. ಹಿಮಕರಡಿಯ ಯಕೃತ್ತನ್ನು ಮಾತ್ರ ಅವರು ಮುಟ್ಟುವುದಿಲ್ಲ. ಕೆನಡಾದ ನುನಾವಿಕ್ ಪ್ರದೇಶದಲ್ಲಂತೂ ಬೇಟೆಯಾದ ವಾಲ್ರಸ್‌ನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಟ್ರೈಕಿನೆಲ್ಲಾ ಹುಳುವಿಲ್ಲವೆಂದು ತಿಳಿದ ಮೇಲೆ ಹಂಚುವ ಏರ್ಪಾಡಿದೆ. ಸಂಪ್ರದಾಯವನ್ನು ಉಳಿಸಿಕೊಳ್ಳಲು ಅವರು ಸೂಕ್ಷ್ಮದರ್ಶಕವನ್ನು ಒಪ್ಪಿದರು. ನಗರದ ಹೊಸ ಹಸಿಭಕ್ಷಕರು ‘ಪೂರ್ವಿಕರ ಆಹಾರ’ ಎನ್ನುವಾಗ ಈ ಅರ್ಧವನ್ನು ಬಿಟ್ಟೇಬಿಡುತ್ತಾರೆ.

ಯಹೂದಿ ಧರ್ಮದಲ್ಲಿ ರಕ್ತವೇ ಪ್ರಾಣ. ಆದ್ದರಿಂದ ರಕ್ತ ನಿಷಿದ್ಧ. ಸಾಮಾನ್ಯ ಮಾಂಸದ ರಕ್ತವನ್ನು ನೆನೆಸಿ, ಉಪ್ಪು ಹಾಕಿ ತೆಗೆಯುತ್ತಾರೆ. ಯಕೃತ್ತಿನಲ್ಲಿ ರಕ್ತ ಅಷ್ಟೊಂದು ತುಂಬಿರುವುದರಿಂದ ಉಪ್ಪು ಸಾಲದು, ಸೀಳಿ ನೇರ ಬೆಂಕಿಯ ಮೇಲೆ ಸುಡಲೇಬೇಕು. ಇಸ್ಲಾಂ ಹರಿಯುವ ರಕ್ತವನ್ನು ನಿಷೇಧಿಸಿತು. ಆದರೆ ಇಬ್ನ್ ಮಾಜಾ ಸಂಗ್ರಹದ ಹದೀಸೊಂದರ ಪ್ರಕಾರ ಎರಡು ರಕ್ತಗಳು ಹಲಾಲ್, ಯಕೃತ್ತು ಮತ್ತು ಗುಲ್ಮ (ಪ್ಲೀಹ). ಎರಡೂ ಧರ್ಮಗಳು ಯಕೃತ್ತನ್ನು ಹೆಪ್ಪಾದ ರಕ್ತವೆಂದೇ ಕಂಡು, ಒಂದು ಬೆಂಕಿ ಕೇಳಿತು, ಇನ್ನೊಂದು ವಿನಾಯಿತಿ ಕೊಟ್ಟಿತು.

ಇಂಥ ವಿಧಿಗಳೆಲ್ಲ ಹಿಂದಿನವರ ಆರೋಗ್ಯಶಾಸ್ತ್ರ ಎಂದು ವಿವರಿಸುವ ಚಪಲ ಹಳೆಯದು. ಸ್ವತಃ ವೈದ್ಯನಾಗಿದ್ದ ಯಹೂದಿ ಚಿಂತಕ ಮೈಮೊನಿಡೀಸ್ 12ನೇ ಶತಮಾನದಲ್ಲಿ, ನಿಷಿದ್ಧ ಆಹಾರಗಳು ದೇಹಕ್ಕೂ ಕೆಟ್ಟವು ಎಂದು ವಾದಿಸಿದ. ಮುನ್ನೂರು ವರ್ಷಗಳ ನಂತರ ಐಸಾಕ್ ಅಬ್ರಾವನೆಲ್ ಅದನ್ನು ಖಂಡಿಸಿದ: ಹಾಗಾದರೆ ಧರ್ಮಗ್ರಂಥ ಒಂದು ಸಣ್ಣ ವೈದ್ಯಪುಸ್ತಕವಾಗಿಬಿಡುತ್ತದೆ, ಹಂದಿ ತಿನ್ನುವ ಜನ ಗಟ್ಟಿಮುಟ್ಟಾಗಿಯೇ ಇದ್ದಾರಲ್ಲ? ಈ ಜಗಳದಲ್ಲಿ ಅಬ್ರಾವನೆಲ್‌ನ ಪಕ್ಷವೇ ಬಲವಾದದ್ದು. ಬೆಂಕಿಯಿಂದ ರಕ್ತ ತೆಗೆಯುವ ನಿಯಮ ರೋಗಾಣುಗಳನ್ನೂ ಕೊಂದದ್ದು ಅದರ ಪಾಲಿನ ಪುಣ್ಯ, ಉದ್ದೇಶವಲ್ಲ. ಬೆಂಕಿ ಎಲ್ಲಕ್ಕೂ ಮದ್ದೂ ಅಲ್ಲ. 1597ರಲ್ಲಿ ಆರ್ಕ್ಟಿಕ್ ದ್ವೀಪಸಮೂಹವಾದ ನೊವಾಯಾ ಜೆಮ್ಲ್ಯಾದಲ್ಲಿ ಸಿಲುಕಿದ್ದ ಡಚ್ ಅನ್ವೇಷಕ ಬ್ಯಾರೆಂಟ್ಸ್‌ನ ನಾವಿಕರು ಹಿಮಕರಡಿಯ ಯಕೃತ್ತನ್ನು ಅಡುಗೆ ಮಾಡಿಯೇ ತಿಂದರು. ಕಾಯಿಲೆ ಬಿದ್ದರು, ಮೂವರ ಚರ್ಮ ಅಡಿಯಿಂದ ಮುಡಿಯವರೆಗೆ ಸುಲಿದುಹೋಯಿತು. ಕಾರಣ ಅತಿಯಾದ ಎ ಜೀವಸತ್ವವೆಂದು 1940ರ ದಶಕದಲ್ಲಿ ತಿಳಿಯಿತು. ದನದ ಯಕೃತ್ತೂ ಆ ಮಟ್ಟದ್ದಲ್ಲದಿದ್ದರೂ ನೂರು ಗ್ರಾಂಗೆ ಸುಮಾರು 5000 ಮೈಕ್ರೋಗ್ರಾಂ ಕೊಡುತ್ತದೆ, ದಿನದ ಸುರಕ್ಷಿತ ಮಿತಿ 3000. ಬೇಯಿಸಿದ್ದನ್ನೂ ಬಸುರಿಯರು ತಿನ್ನಬಾರದೆಂದು ಬ್ರಿಟನ್ನಿನ ಆರೋಗ್ಯ ಸೇವೆ ಹೇಳುವುದು ಇದಕ್ಕೇ.

ಭಾರತದ ಗ್ರಂಥಗಳಲ್ಲಿ ಹಸಿ ಎಂಬುದಕ್ಕಿರುವ ಪದ ಆಮ. ಯಜುರ್ವೇದದ ಇಷ್ಟಿಯೆಂಬ ಯಾಗದಲ್ಲಿ ಪುರೋಡಾಶವೆಂಬ ಹವಿಸ್ಸಿನ ರೊಟ್ಟಿ ಬೇಯಿಸುವ ಕಪಾಲವನ್ನು, ಅಂದರೆ ಮಣ್ಣಿನ ಬಿಲ್ಲೆಯನ್ನು, ಇಡುವ ಮುನ್ನ, ಹಸಿಯನ್ನು ತಿನ್ನುವ ಅಗ್ನಿಯನ್ನೂ ಹೆಣವನ್ನು ತಿನ್ನುವ ಅಗ್ನಿಯನ್ನೂ ಮಂತ್ರ ಹೇಳಿ ದೂರ ಅಟ್ಟುತ್ತಾರೆ. ದೇವತೆಗಳಿಗೆ ಹವಿಸ್ಸನ್ನು ಒಯ್ಯುವ ಅಗ್ನಿಯನ್ನು ಮಾತ್ರ ಕರೆಯುತ್ತಾರೆ. ಪಶುಯಾಗದಲ್ಲಿ ಹೃದಯವನ್ನು ಶೂಲಕ್ಕೆ ಚುಚ್ಚಿ ಸುಡುವ ವಿಧಿಯಿದೆ. ಆಯುರ್ವೇದ ಇನ್ನೂ ಮುಂದೆ ಹೋಗಿ, ಹೊಟ್ಟೆಯ ಅಗ್ನಿಯಲ್ಲಿ ಸರಿಯಾಗಿ ಬೇಯದೆ ಉಳಿದ ವಿಷಕ್ಕೂ ಆಮವೆಂದೇ ಹೆಸರಿಟ್ಟಿತು. ಇಷ್ಟಾದರೂ ಸುಶ್ರುತ ಸಂಹಿತೆಯ ಉತ್ತರತಂತ್ರ ರಕ್ತಪಿತ್ತವೆಂಬ ರಕ್ತಸ್ರಾವದ ರೋಗದ ಪ್ರಕರಣದಲ್ಲಿ, ಅತಿಯಾಗಿ ರಕ್ತ ಹೋದವನು ಆಡಿನ ಹಸಿ ಯಕೃತ್ತನ್ನು ಪಿತ್ತದ ಸಮೇತ ತಿನ್ನಲಿ ಎನ್ನುತ್ತದೆ. (ಸುಡಾನಿನ ಖಾದ್ಯದ ಹೆಸರಾದ ಮರಾರಕ್ಕೂ ಅರಬ್ಬಿಯಲ್ಲಿ ಪಿತ್ತಕೋಶವೆಂದೇ ಅರ್ಥ.) ವಿಪ್ಪಲ್ ಕಂಡದ್ದನ್ನು ಸುಶ್ರುತ ಮೊದಲೇ ಕಂಡಿದ್ದನೆಂದು ಹೆಮ್ಮೆಪಡುವುದು ಸುಲಭ, ತರ್ಕ ಮಾತ್ರ ಬೇರೆ. ಯಕೃತ್ತು, ಪ್ಲೀಹಗಳು ರಕ್ತದ ಮೂಲಸ್ಥಾನ, ಸಮಾನವಾದದ್ದು ಸಮಾನವಾದದ್ದನ್ನು ಬೆಳೆಸುತ್ತದೆ ಎಂಬ ಸಿದ್ಧಾಂತದ ಫಲ ಅದು. ಅದೇ ಗ್ರಂಥ ಇರುಳುಗಣ್ಣಿಗೆ ಹೇಳುವ ಯಕೃತ್ತು ಹಿಪ್ಪಲಿ ತುಂಬಿ ಬೆಂಕಿಯಲ್ಲಿ ಬೇಯಿಸಿದ್ದು. ಹಸಿ ಯಕೃತ್ತು ಆಪತ್ತಿನ ಔಷಧ; ನಿತ್ಯದ ಊಟದಲ್ಲಿ ಅದಕ್ಕೆ ಎಡೆಯಿಲ್ಲ.

ಬೆಂಕಿಗೆ ಈ ಅಧಿಕಾರವನ್ನೇ ಕೊಡದವರು ಜೈನರು. ದಿಗಂಬರ ಆಚಾರ್ಯ ಅಮೃತಚಂದ್ರ ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಮಾಂಸದ ಮೂರು ಸ್ಥಿತಿಗಳನ್ನು ಎಣಿಸುತ್ತಾನೆ: ಹಸಿಯಾದದ್ದು, ಬೆಂದದ್ದು, ಬೇಯುತ್ತಿರುವುದು. ಮೂರರಲ್ಲೂ ನಿಗೋದಗಳೆಂಬ ಅತಿಸೂಕ್ಷ್ಮ ಜೀವಿಗಳು ಎಡೆಬಿಡದೆ ಹುಟ್ಟುತ್ತಿರುತ್ತವೆ. ತಾನಾಗಿ ಸತ್ತ ಪ್ರಾಣಿಯ ಮಾಂಸಕ್ಕೂ ಇದರಿಂದ ಬಿಡುಗಡೆಯಿಲ್ಲ. ನಿಗೋದಗಳನ್ನು ಬ್ಯಾಕ್ಟೀರಿಯಾ ಎಂದು ಅನುವಾದಿಸಿ ಸಂಭ್ರಮಿಸುವವರಿದ್ದಾರೆ. ಅದು ಮೈಮೊನಿಡೀಸನ ಹಾದಿಯೇ. ಬ್ಯಾಕ್ಟೀರಿಯಾದಿಂದ ತಿನ್ನುವವನಿಗೆ ಅಪಾಯ. ನಿಗೋದದ ವಿಚಾರದಲ್ಲಿ ತಿನ್ನುವವನೇ ಅಪಾಯ.