ದುಡ್ಡು ಕೊಟ್ಟು ದುರ್ಯೋಧನ

‘ಲಾರ್ಡ್ ಆಫ್ ದಿ ರಿಂಗ್ಸ್’ ಸರಣಿಯ ಮೂರೂ ಚಿತ್ರಗಳನ್ನು ಪೀಟರ್ ಜಾಕ್ಸನ್ ನ್ಯೂಜಿಲೆಂಡಿನಲ್ಲಿ ಒಟ್ಟಿಗೇ ಚಿತ್ರೀಕರಿಸಿದರು. 1999ರ ಅಕ್ಟೋಬರಿನಲ್ಲಿ ಶುರುವಾದದ್ದು 2000ದ ಡಿಸೆಂಬರಿನವರೆಗೂ ನಡೆಯಿತು. ಯೋಧರ ಸರಪಳಿ ಅಂಗಿಗೆ ಪ್ಲಾಸ್ಟಿಕ್ ಕೊಳವೆ ಕತ್ತರಿಸಿ, ಆ ಉಂಗುರಗಳನ್ನು ಕೈಯಲ್ಲೇ ಒಂದಕ್ಕೊಂದು ಪೋಣಿಸಿದರು. ಸಾಲದ ಸೈನ್ಯವನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿದರು. ಈ ತೆರೆಮರೆಯ ಕಥೆಯನ್ನೇ ಗಂಟೆಗಟ್ಟಲೆ ಕೂತು ನೋಡುವವರಿದ್ದಾರೆ. ನನಗೋ, ಅದನ್ನು ನೋಡಿದಾಗೆಲ್ಲ ಶಿರಾ ತಾಲ್ಲೂಕಿನ ಗೌಡಗೆರೆ ಕಡೆಯ ಕುರುಕ್ಷೇತ್ರ ನಾಟಕದ ಧ್ಯಾನ.

ಸಿನಿಮಾದಲ್ಲಿ ಪಾತ್ರ ಮಾಡಿದವನಿಗೆ ದುಡ್ಡು ಕೊಡುತ್ತಾರೆ. ಇಲ್ಲಿ ಪಾರ್ಟು ಬೇಕೆನ್ನುವವನೇ ದುಡ್ಡು ಕಟ್ಟಬೇಕು. ದುರ್ಯೋಧನನದು, ಕೃಷ್ಣನದು ದುಬಾರಿ, ವಿದುರ ಅಗ್ಗ. ಆ ಹಣದಲ್ಲೇ ಡ್ರಾಮಾ ಮಾಸ್ಟರಿಗೆ ಸಂಭಾವನೆ, ಬಾಡಿಗೆಯ ಸೀನರಿ, ಕಿರೀಟ, ಗದೆ, ಲೈಟು, ಮೈಕು. ದ್ರೌಪದಿ, ಉತ್ತರೆಯರ ಪಾರ್ಟಿಗೆ ಪಟ್ಟಣದಿಂದ ಬರುವ ಕಲಾವಿದೆಯರಿಗೂ ಅದರಲ್ಲೇ. ಸುಗ್ಗಿ ಮುಗಿದ ಮೇಲೆ ದೇವಸ್ಥಾನದ ಮುಂದೆ ರಾತ್ರಿ ತಾಲೀಮು. ಹಗಲು ಕಡಲೆಕಾಯಿ ವ್ಯಾಪಾರ ಮಾಡಿದವನು, ಬಸ್ಸು ಓಡಿಸಿದವನು, ಮೇಷ್ಟ್ರು, ಎಲ್ಲರೂ ಹಾರ್ಮೋನಿಯಂ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಮಾಸ್ಟರೇ ಸಂಗೀತ, ಅವರೇ ನಿರ್ದೇಶನ; ಮಾತು ಮರೆತವನಿಗೆ ಎತ್ತಿಕೊಡುವವರೂ ಅವರೇ. ಹಬ್ಬದ ಹೊತ್ತಿಗೆ ಆಟದ ಹುಡುಗರಿಗೂ ಶಕುನಿಯ ಮಾತು ಬಾಯಿಪಾಠ. ಊರಿಗೆ ಊರೇ ತೆರೆಮರೆಯಲ್ಲಿ ಕೂತಿರುವಾಗ ಮುಚ್ಚಿಡುವುದಾದರೂ ಯಾರಿಂದ?

ಈ ಹುಚ್ಚು ತುಮಕೂರು ಸೀಮೆಗೆ ಹೊಸದಲ್ಲ. ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಕೂಡ ಪುರಾಣವೇ. ಕೊಲ್ಹಾಪುರದಲ್ಲಿ ಚಿತ್ರೀಕರಣವಾದ ಅದಕ್ಕೆ ಮಾತು, ಹಾಡು ಬರೆದವರು ಇದೇ ಜಿಲ್ಲೆಯ ಬೆಳ್ಳಾವೆಯ ನರಹರಿಶಾಸ್ತ್ರಿಗಳು. 2019ರ ‘ಕುರುಕ್ಷೇತ್ರ’ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯ ಸೆಟ್ಟುಗಳಲ್ಲಿ, ತ್ರೀಡಿಯಲ್ಲಿ ತಯಾರಾಯಿತು. ಅದಕ್ಕೆ ನಾಯಕ ದುರ್ಯೋಧನ ಎಂದಾಗ ಪೇಟೆಯವರು ಹುಬ್ಬೇರಿಸಿರಬಹುದು, ಪಾರ್ಟಿನ ದರ ಗೊತ್ತಿದ್ದ ನಮ್ಮೂರ ಕಡೆಯವರು ಏರಿಸಲಿಲ್ಲ.

ಈ ಲೆಕ್ಕದಲ್ಲಿ ಅನ್ಯಾಯವೂ ಇದೆ. ಕಂಚಿನ ಕಂಠವಿದ್ದೂ ಜೇಬು ಖಾಲಿಯಿದ್ದವನು ಸೈನಿಕನಾಗಿ ಈಟಿ ಹಿಡಿದು ನಿಲ್ಲುತ್ತಾನೆ. ಶ್ರುತಿಯ ಗಂಧವಿಲ್ಲದ ಅನುಕೂಲಸ್ಥ ಕೃಷ್ಣನಾಗುತ್ತಾನೆ. ಒಮ್ಮೊಮ್ಮೆ ಗೆಳೆಯರು ಚಂದಾ ಎತ್ತಿ ಬಡವನೊಬ್ಬನನ್ನು ಕರ್ಣನನ್ನಾಗಿ ಮಾಡುವುದುಂಟು. ಆವತ್ತಿನ ಆಟದ ರಂಗೇ ಬೇರೆ.

ಹದಿನೆಂಟು ಅಕ್ಷೋಹಿಣಿ ಸೈನ್ಯವನ್ನು ಇಲ್ಲಿ ಯಾರೂ ತೋರಿಸಲು ಹೋಗುವುದಿಲ್ಲ, ಪದ್ಯದಲ್ಲೇ ಮುಗಿಸುತ್ತಾರೆ. ಆದರೆ ನಡುವೆ ನೆಂಟರಿಷ್ಟರು ಸ್ಟೇಜ್ ಹತ್ತಿ ನೋಟಿನ ಹಾರ ಹಾಕಲೇಬೇಕು, ಶಾಲು ಹೊದಿಸಲೇಬೇಕು. ಅಲ್ಲಿಯತನಕ ಭೀಮನೂ ಗದೆ ಇಳಿಸಿ ಕಾಯುತ್ತಾನೆ. ಹೀಗಾಗಿ ದುರ್ಯೋಧನನ ತೊಡೆ ಮುರಿಯುವಷ್ಟರಲ್ಲಿ ಬೆಳ್ಳಗೆ ಬೆಳಗಾಗಿರುತ್ತದೆ. ಮುಂದೆ ಕೂತವರಲ್ಲಿ ಅರ್ಧ ಜನ ನಿದ್ದೆ, ಇನ್ನರ್ಧ ಹಾಲು ಕರೆಯಲು ಹೊರಟವರು. ಬಿದ್ದವನು ಮಾತ್ರ ಮೊಣಕೈ ಊರಿ ಎದ್ದು, ಉಳಿದ ಪದ್ಯಗಳನ್ನೆಲ್ಲ ಹಾಡದೆ ಪ್ರಾಣ ಬಿಡುವುದಿಲ್ಲ. ಕಟ್ಟಿದ ದುಡ್ಡಿನಲ್ಲಿ ಅವೂ ಸೇರಿವೆ.