ಒಂದೇ ನೀರಿನಲ್ಲಿ ನಿಂತವರು

ಬಾವಿಯೊಳಗಿನ ಕಪ್ಪೆಗಳು ಎಂದು ನಮ್ಮನ್ನು ಮೊದಲು ಬೈದದ್ದು ಹೈಸ್ಕೂಲಿನಲ್ಲಿ. ಲೆಕ್ಕ ಬರುವುದಿಲ್ಲ, ಕೇರಿ ಬಿಟ್ಟು ಆಚೆ ಏನೂ ಕಂಡಿಲ್ಲ, ಕೂಪಮಂಡೂಕಗಳು. ಕ್ಲಾಸೆಲ್ಲ ನಕ್ಕಿತು. ನಾವೂ ನಕ್ಕೆವು, ನಗದೆ ಏನು ಮಾಡುವುದು. ಮನೆಗೆ ಬಂದು ಹೇಳಿದರೆ ತಾತ ಬೀಡಿ ಆರಿಸಿ ಅಂದ: "ಅದೆಂಗ ಅಂತಾನಲೇ ಆ ಮಾಸ್ತರ? ನಮಗ ಆ ಬಾವಿ ಮೆಟ್ಲ ಇಳಿಯಾಕ ಬಿಡ್ತಿರ್ಲಿಲ್ಲ. ಕಪ್ಪಿ ಒಳಗಿತ್ತು, ನಾವು ಹೊರಗಿದ್ವಿ. ಯಾರರ ಬಂದು ಕೊಡಕ್ಕ ನೀರು ಹಾಕ್ತಾರೇನಂತ ಕಾಯ್ಕೊಂಡು."

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದರಲ್ಲ, ಆ ಕೆರೆಯ ನೀರಿಗೆ ದನಕರುಗಳಿಗೆ ಅಡ್ಡಿಯಿರಲಿಲ್ಲ. ಅಡ್ಡಿ ಇದ್ದದ್ದು ಮನುಷ್ಯರಿಗೆ. ಕಪ್ಪೆಯ ಪುಣ್ಯವಂತೂ ಇನ್ನೂ ದೊಡ್ಡದು. ಋಗ್ವೇದದ ಏಳನೆಯ ಮಂಡಲದಲ್ಲಿ ಒಂದು ಇಡೀ ಸೂಕ್ತ, 103ನೆಯದು, ಕಪ್ಪೆಗಳ ಮೇಲಿದೆ. ಮಳೆ ಬಂದಾಗ ಒಟರುವ ಕಪ್ಪೆಗಳನ್ನು ಅಲ್ಲಿ ಮಂತ್ರ ಹೇಳುವ ಬ್ರಾಹ್ಮಣರಿಗೆ ಹೋಲಿಸಿದ್ದಾರೆ. ನಮ್ಮ ಕಿವಿಗೆ ವೇದ ಬೀಳಬಾರದು ಅಂದ ನಾಡಿನಲ್ಲಿ ಕಪ್ಪೆಗೆ ವೇದ ಹೇಳುವ ಯೋಗ್ಯತೆ ಸಿಕ್ಕಿತ್ತು. ಇದನ್ನು ಓದಿದ ದಿನ ನಾವು ಹಾಸ್ಟೆಲ್ಲಿನಲ್ಲಿ ಹೊಟ್ಟೆ ಹಿಡಿದು ನಕ್ಕಿದ್ದೇವೆ.

ಹೀಗಾಗಿ ಕಪ್ಪೆಯ ಮೇಲೆ ನಮಗೊಂದು ಹಳೆಯ ಹೊಟ್ಟೆಕಿಚ್ಚು ಇತ್ತು ಎಂದರೂ ಸರಿ. ಈಗ ಕಪ್ಪೆಗಳು ಕಡಿಮೆಯಾಗುತ್ತಿವೆ, ಉಳಿಸಬೇಕು ಎನ್ನುತ್ತಾರೆ. ಯಾರು ಉಳಿಸಬೇಕು, ಯಾರ ಖರ್ಚಿನಲ್ಲಿ, ಸತ್ತವುಗಳ ಪಾಪ ಯಾರ ತಲೆಗೆ? ಈ ಪ್ರಶ್ನೆಗಳನ್ನು ನಾವು ಬೇರೆಯವರಿಗೆ ಎಸೆದು ಸುಮ್ಮನೆ ಕೂರುವಂತಿಲ್ಲ. ಯಾಕೆಂದರೆ ಕೊಂದ ಕೈ ನಮ್ಮದು.

ನಮ್ಮೂರು ಸಿಂಧನೂರಿಗೂ ಮಸ್ಕಿಗೂ ನಡುವೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ಬರುವ ಮುಂಚೆ ಇದು ಜೋಳದ ಎರೆ ಸೀಮೆ. ನೀರು ಬಂತು, ಆಂಧ್ರದಿಂದ ರೈತರು ಬಂದು ಕ್ಯಾಂಪು ಕಟ್ಟಿದರು, ಭತ್ತ ಬಂತು. ಭತ್ತದ ಹಿಂದೆಯೇ ಕಪ್ಪೆ ಬಂತು ಎನ್ನುತ್ತಾನೆ ತಾತ. ಮೊದಲ ಮಳೆಗೆ ಗಂಡು ಕಪ್ಪೆಗಳು ಮೈಗೆಲ್ಲ ಅರಿಶಿನ ಬಳಿದುಕೊಂಡ ಮದುಮಗನಂತೆ ಹಳದಿಯಾಗಿ, ಗಂಟಲ ಎರಡು ಬದಿಗೆ ನೀಲಿ ಚೀಲ ಊದಿಸಿ ಕೂಗುತ್ತಿದ್ದರೆ ಗುಡಿಸಲಲ್ಲಿ ಕೂಸು ಮಲಗುತ್ತಿರಲಿಲ್ಲವಂತೆ. ನಾವೂ ಸಣ್ಣವರಿದ್ದಾಗ ಅದನ್ನು ಕೇಳಿದ್ದೇವೆ. ಈಗ ನಾಟಿಯ ಕಾಲಕ್ಕೆ ಗದ್ದೆಯ ಬದುವಿನ ಮೇಲೆ ರಾತ್ರಿ ನಿಂತರೆ ಪಂಪಿನ ಸದ್ದು ಕೇಳುತ್ತದೆ, ರಸ್ತೆಯ ಲಾರಿ ಕೇಳುತ್ತದೆ. ಕಪ್ಪೆ ಅಲ್ಲೊಂದು ಇಲ್ಲೊಂದು, ಕೆಮ್ಮಿದ ಹಾಗೆ.

ಆ ದಿನದ ಮಾತು ಹೇಳಲೇಬೇಕು. ಪಿಯುಸಿ ರಜೆ. ನಾಟಿ ಹಚ್ಚಿ ಎರಡು ವಾರ ದಾಟಿತ್ತು, ಕಾಂಡ ಕೊರೆಯುವ ಹುಳಕ್ಕೆ ಗುಳಿಗೆ ಒಗೆಯಬೇಕಿತ್ತು. ಸಾಹುಕಾರರ ಗುಮಾಸ್ತ ಚೀಲ ತಂದಿಟ್ಟು ಹೋದ. ಮರಳಿನಲ್ಲಿ ಗುಳಿಗೆ ಕಲಸಿ, ಹಳೇ ಸೀರೆಯ ತುಂಡನ್ನು ಜೋಳಿಗೆ ಮಾಡಿ ಕೊರಳಿಗೆ ಕಟ್ಟಿಕೊಂಡು, ಮೊಳಕಾಲು ನೀರಿನಲ್ಲಿ ನಾವು ನಾಲ್ಕು ಮಂದಿ, ಅವ್ವಂದಿರು ಮೂರು ಮಂದಿ ಸಾಲು ಹಿಡಿದೆವು. ಬರಿಗೈ, ಬರಿಗಾಲು. ಆ ಗುಳಿಗೆಯ ವಾಸನೆ ಬೆಳ್ಳುಳ್ಳಿ ಕೊಳೆತಂತೆ, ಮೂರು ದಿನ ಅನ್ನದಲ್ಲೂ ಬರುತ್ತದೆ. ಗುಳಿಗೆ ಒಗೆದ ದಿನಕ್ಕೆ ಕೂಲಿ ಮೇಲೆ ಐವತ್ತು ರೂಪಾಯಿ ಹೆಚ್ಚು. ಆ ಐವತ್ತರಲ್ಲಿ ನಾವು ಡಿಗ್ರಿ ಅರ್ಜಿಯ ಫೀಸು ಕಟ್ಟಿದೆವು, ಇದನ್ನು ಮುಚ್ಚಿಡುವುದೇಕೆ.

ಮರುದಿನ ಬೆಳಿಗ್ಗೆ ನೀರು ಕಟ್ಟಲು ಹೋದಾಗ ಕಂಡದ್ದು ಇದು. ಗೊದಮೊಟ್ಟೆಗಳು ಮಡಿಯ ಮೂಲೆಗೆ ಎಳ್ಳು ಚೆಲ್ಲಿದಂತೆ ಕೂಡಿದ್ದವು, ಒಂದೂ ಅಲುಗಲಿಲ್ಲ. ದೊಡ್ಡ ಕಪ್ಪೆಗಳು ಬಿಳಿ ಹೊಟ್ಟೆ ಮೇಲಾಗಿ, ಕೈಕಾಲು ಚಾಚಿ, ನಮ್ಮ ಹುಡುಗರು ಕಾಲುವೆಯಲ್ಲಿ ಅಂಗಾತ ಈಜಿದ ಹಾಗೆ. ಒಂದು ಇನ್ನೂ ಹಿಂಗಾಲು ಜಾಡಿಸುತ್ತಿತ್ತು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಕುಡಿಯುತ್ತದೆ, ಚರ್ಮದಿಂದ ಉಸಿರೂ ಎಳೆಯುತ್ತದೆ ಎಂದು ನಾವು ಪುಸ್ತಕದಲ್ಲಿ ಓದಿ ಮಾರ್ಕು ತೆಗೆದುಕೊಂಡಿದ್ದೆವು. ಅದರ ಮೊಟ್ಟೆಗೆ ಕೋಳಿ ಮೊಟ್ಟೆಯಂತೆ ಸಿಪ್ಪೆ ಇಲ್ಲ. ನೀರಿಗೆ ಏನು ಬಿತ್ತೋ ಅದೇ ಅದರ ಮೈಗೆ ಬಿತ್ತು. ಅವ್ವನಿಗೆ ತೋರಿಸಿದರೆ ಅವಳು ತನ್ನ ಪಾದ ತೋರಿಸಿದಳು. ಬೆರಳ ಸಂದೆಲ್ಲ ಸುಲಿದು ಕೆಂಪಾಗಿತ್ತು. "ಅವು ಸತ್ತು ತೇಲ್ಯಾವ, ನಾವು ನಿಂತೀವಿ. ಅಷ್ಟೇ ಬಿಡಪ್ಪ."

ಅವ್ವ ಹೇಳಿದ್ದು ಅಲ್ಲಿಗೆ ಮುಗಿಯಿತು. ನಮಗೆ ಮುಗಿಯಲಿಲ್ಲ. ಬಾಬಾಸಾಹೇಬರು ತೀರಿಹೋದ ಮರುವರ್ಷ, 1957ರಲ್ಲಿ, ಅಚ್ಚಾದ ಬುದ್ಧ ಮತ್ತು ಆತನ ಧಮ್ಮದ ಪುಸ್ತಕದಲ್ಲಿ ಅಹಿಂಸೆಯ ಚರ್ಚೆ ಇದೆ. ಅಲ್ಲಿ ಅವರು ಎರಡನ್ನು ಬೇರೆ ಮಾಡುತ್ತಾರೆ. ಕೊಲ್ಲುವ ಅಗತ್ಯ ಒಂದು, ಕೊಲ್ಲುವ ಇಚ್ಛೆ ಇನ್ನೊಂದು. ಬುದ್ಧ ತಡೆದದ್ದು ಬರೀ ಇಚ್ಛೆಯಿಂದ ಕೊಲ್ಲುವುದನ್ನು. ಅಹಿಂಸೆ ಅವನಿಗೆ ತತ್ವ, ಕಣ್ಣು ಮುಚ್ಚಿ ಪಾಲಿಸುವ ಕಟ್ಟಳೆಯಲ್ಲ. ಹಸಿದವನ ಊಟದ ತಟ್ಟೆ ನೋಡಿ ಮೂಗು ಮುಚ್ಚುವ ಪ್ರಾಣಿದಯೆಯವರ ಎದುರು ಈ ಮಾತು ನಮಗೆ ದೊಡ್ಡ ಬಲ. ಆದರೆ ಆ ಗದ್ದೆಗೆ ಇದನ್ನು ಹಚ್ಚಿ ನೋಡಿದೆವು, ಹತ್ತಲಿಲ್ಲ. ಕಪ್ಪೆ ಕೊಲ್ಲುವ ಅಗತ್ಯ ಯಾರಿಗೂ ಇರಲಿಲ್ಲ. ಕಪ್ಪೆ ಹುಳ ತಿನ್ನುತ್ತದೆ, ಬೆಳೆಗೆ ಗೆಳೆಯ ಎಂದು ಸಾಹುಕಾರನೂ ಬಲ್ಲ. ಕೊಲ್ಲುವ ಇಚ್ಛೆಯೂ ಯಾರಿಗೂ ಇರಲಿಲ್ಲ. ಅವ್ವನಿಗೆ ಇತ್ತೆ? ಅಂಗಡಿಯವನಿಗೆ? ಹಾಗಾದರೆ ಅಷ್ಟೊಂದು ಸಾವು ಎಲ್ಲಿಂದ ಬಂತು? ಅಗತ್ಯವೂ ಇಲ್ಲದ, ಇಚ್ಛೆಯೂ ಇಲ್ಲದ ಈ ಮೂರನೆಯ ಕೊಲೆಗೆ ಹೆಸರಿಲ್ಲ. ಇದರಲ್ಲಿ ಸಾಯುವವರು ಲೆಕ್ಕಕ್ಕೇ ಬಂದಿರುವುದಿಲ್ಲ. ಮಲದ ಗುಂಡಿಗೆ ಇಳಿದು ಉಸಿರುಗಟ್ಟಿ ಸತ್ತ ನಮ್ಮವರನ್ನೂ ಯಾರೂ ಇಚ್ಛೆಪಟ್ಟು ಕೊಂದಿರಲಿಲ್ಲ.

ಇದರ ಇನ್ನೊಂದು ತುದಿ ನಮಗೆ ಸಿಕ್ಕಿದ್ದು ಒಂದು ಪಟ್ಟಿಯಲ್ಲಿ. ಅಳಿವಿನಂಚಿನ ಜೀವಿಗಳ ಜಾಗತಿಕ ಕೆಂಪು ಪಟ್ಟಿ ಇದೆಯಲ್ಲ, ಅದರ ಆಧಾರದ ಮೇಲೆ 2023ರಲ್ಲಿ ಬಂದ ವರದಿ ಪ್ರಕಾರ, ಪರೀಕ್ಷಿಸಿದ 8,011 ಜಾತಿಯ ಉಭಯಚರಗಳಲ್ಲಿ ನೂರಕ್ಕೆ 41ರಷ್ಟು ಅಪಾಯದಲ್ಲಿವೆ. ಕಾಡು ಹೋದದ್ದು, ಕೈಟ್ರಿಡ್ ಎಂಬ ಶಿಲೀಂಧ್ರದ ರೋಗ, ಹವೆ ಬಿಸಿಯಾದದ್ದು. ಮಲೆನಾಡಿನ ಹೊಳೆಯ ಕಪ್ಪೆಗೆ ವಿಜ್ಞಾನಿಗಳು ಹೊಸ ಹೆಸರಿಟ್ಟರೆ ಪೇಪರಿನಲ್ಲಿ ಬಣ್ಣದ ಫೋಟೋ ಬರುತ್ತದೆ. ಬರಲಿ, ನಮಗೆ ಸಂತೋಷವೆ. ಆದರೆ ನಮ್ಮ ಗದ್ದೆಯ ದೊಡ್ಡ ಕಪ್ಪೆಯ ಹೆಸರಿನ ಮುಂದೆ ಆ ಪಟ್ಟಿ ಬರೆದಿರುವುದು 'ಕನಿಷ್ಠ ಕಾಳಜಿ' ಎಂದು. ಪಟ್ಟಿ ಸುಳ್ಳು ಹೇಳಿಲ್ಲ. ಪಾಕಿಸ್ತಾನದಿಂದ ಬರ್ಮಾದ ತನಕ ಇರುವ ಜಾತಿ ಅದು, ನಾಳೆಗೇ ನಿರ್ವಂಶವಾಗುವುದಿಲ್ಲ. ಒಂದು ಊರಿನ ಮಡಿಯಲ್ಲಿ ಅದರ ಕೂಗು ನಿಂತರೆ ಪಟ್ಟಿಗೆ ಗೊತ್ತಾಗುವುದಿಲ್ಲ. ಆದರೂ ಆ ಎರಡು ಪದ ಓದಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಬಹಳ ಮಂದಿ ಇದ್ದಾರೆ, ಎಲ್ಲೆಲ್ಲೂ ಇದ್ದಾರೆ, ಒಂದಷ್ಟು ಹೋದರೆ ಏನಾಯಿತು ಎನ್ನುವ ಲೆಕ್ಕ ನಮಗೆ ಹೊಸದಲ್ಲ.

ಕಾನೂನು ಇಲ್ಲವೆಂದಲ್ಲ. ಒಂದು ಕಾಲಕ್ಕೆ ನಮ್ಮ ದೇಶದಿಂದ ಕಪ್ಪೆಯ ಕಾಲುಗಳು ಟನ್ನುಗಟ್ಟಲೆ ಹಡಗು ಹತ್ತಿ ಯುರೋಪು ಅಮೆರಿಕದ ಊಟದ ಮೇಜಿಗೆ ಹೋಗುತ್ತಿದ್ದವು. 1985ರಲ್ಲಿ ಈ ಕಪ್ಪೆ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಬಂತು, 1987ರಲ್ಲಿ ಭಾರತ ರಫ್ತನ್ನೇ ನಿಲ್ಲಿಸಿತು. ಒಳ್ಳೆಯದಾಯಿತು. ಅದರೆ ಬುಟ್ಟಿಯಲ್ಲಿ ಹತ್ತು ಕಪ್ಪೆ ಹೊತ್ತವನು ಕಾನೂನಿನ ಕಣ್ಣಿಗೆ ಬೀಳುತ್ತಾನೆ, ಹತ್ತು ಎಕರೆಗೆ ಗುಳಿಗೆ ಒಗೆಸಿದವನು ಬೀಳುವುದಿಲ್ಲ. ನಾವು ಒಗೆದ ಫೋರೇಟ್ ಗುಳಿಗೆಯನ್ನು 2020ರ ಕೊನೆಗೆ ಸರ್ಕಾರ ನಿಷೇಧಿಸಿತು. ಎಂಡೋಸಲ್ಫಾನನ್ನು 2011ರಲ್ಲಿ ಸುಪ್ರೀಂ ಕೋರ್ಟು ತಡೆದಿತ್ತು, ಅದೂ ಕಾಸರಗೋಡಿನ ಕೂಸುಗಳು ಅಷ್ಟೊಂದು ನರಳಿದ ಮೇಲೆ. ಒಂದು ವಿಷ ಹೋದರೆ ಬೇರೆ ಡಬ್ಬಿ, ಬೇರೆ ಬಣ್ಣದ ಚೀಟಿ. ಚೀಟಿಯ ಮೇಲಿನ ಅಕ್ಷರ ಇರುವೆಯ ಗಾತ್ರ. ಅವ್ವನಿಗೆ ಓದು ಬರುವುದಿಲ್ಲ.

ಲಿಂಗಸೂಗೂರಿನ ಕಡೆ ಕಥೆ ಬೇರೆ. ಕಾಲುವೆ ಮುಟ್ಟದ ಕಡೆ ತೊಗರಿ, ಸಜ್ಜೆ, ಕಲ್ಲು ನೆಲ. ಅಲ್ಲಿಯ ಕಪ್ಪೆ ವರ್ಷದ ಬಹುಕಾಲ ಮಣ್ಣಿನೊಳಗೆ ಹೂತುಕೊಂಡು ಮಲಗಿ, ಮಳೆಯ ಸದ್ದಿಗೆ ಎದ್ದು, ನಾಲ್ಕು ದಿನದ ನೀರಿನಲ್ಲಿ ಸಂಸಾರ ಮುಗಿಸುತ್ತದೆ. 2014ರ ನಂತರ ಕೃಷಿಭಾಗ್ಯದ ಹೊಂಡಗಳು ಬಂದವು. ಬೆಳೆಗೆ ಅವು ಬೇಕು, ಅನುಮಾನವಿಲ್ಲ. ಆದರೆ ಪ್ಲಾಸ್ಟಿಕ್ ಹಾಸಿದ ಕಡಿದಾದ ಗೋಡೆ. ನೀರು ಕಂಡು ಇಳಿದ ನೆಲಗಪ್ಪೆಗಳು ಹತ್ತಲಾರದೆ ಜಾರಿ ಜಾರಿ ಸತ್ತು ತೇಲುತ್ತಿದ್ದುದನ್ನು ಗೆಳೆಯನ ಊರಲ್ಲಿ ಕಂಡೆವು. ಒಂದು ಹಳೇ ಹಗ್ಗವೋ ಗೋಣಿಚೀಲವೋ ಇಳಿಬಿಟ್ಟರೆ ಹತ್ತಿ ಬರುತ್ತವೆ. ಗೆಳೆಯ ಹೊಂಡದ ಮಾಲೀಕನಿಗೆ ಹೇಳಿ ಗೋಣಿ ಕಟ್ಟಿಸಿದ. ಇದು ಸುಲಭದ ಕೆಲಸ, ಹಣವಿಲ್ಲ, ಜಗಳವಿಲ್ಲ.

ಸಿಂಧನೂರಿನ ಗದ್ದೆಯಲ್ಲಿ ಸುಲಭ ಏನೂ ಇಲ್ಲ. ಒಂದು ಮಡಿ ಬಿಡಿ, ಅದಕ್ಕೆ ಗುಳಿಗೆ ಹಾಕಬೇಡಿ, ಕಪ್ಪೆ ಅಲ್ಲಿ ಮೊಟ್ಟೆ ಇಡಲಿ ಎಂದು ಹೇಳಬಹುದು. ಯಾರಿಗೆ ಹೇಳುವುದು? ನಮಗೆ ಮಡಿ ಇಲ್ಲ. ಲೀಸಿಗೆ ಮಾಡಿದವನಿಗೆ ಸುಗ್ಗಿಗೆ ಎಷ್ಟು ಚೀಲ ಕೊಡಬೇಕೆಂಬುದು ಮೊದಲೇ ಗೊತ್ತು. ಕಂದು ಜಿಗಿಹುಳ ಬಿದ್ದರೆ ಒಂದು ವಾರದಲ್ಲಿ ಗದ್ದೆ ಸುಟ್ಟಂತಾಗುತ್ತದೆ, ಅವನು ಕಪ್ಪೆಯ ಮೇಲೆ ಭರವಸೆ ಇಡುವ ಧೈರ್ಯ ಎಲ್ಲಿಂದ ತಂದಾನು? ಹುಳ ತಿನ್ನುವ ಜೇಡವನ್ನೂ ಕಪ್ಪೆಯನ್ನೂ ವಿಷವೇ ಕೊಂದದ್ದರಿಂದ ಹುಳ ಹೆಚ್ಚಿತು ಎಂದು ಅವನಿಗೆ ವಿವರಿಸಿದ್ದೇವೆ. ಕೇಳಿದ. ಕೇಳಿ, "ನೀವು ಸಾಲ ತೀರಿಸ್ತೀರೇನು?" ಅಂದ.

ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನ ಇದೆ. ಬಂಗಾರ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ 1915ರಲ್ಲಿ ಬಿತ್ತು, ಅಶೋಕ ಎಂಬ ಹೆಸರು ಮೊದಲು ಓದಿ ಬಂದದ್ದು ಅದರಲ್ಲಿ. ದೊಡ್ಡವರಿಗೆ ಮಾತ್ರ ಎಟಕುವುದೆಂದು ತಿಳಿಯಬೇಡಿ, ಧಮ್ಮದಲ್ಲಿ ನಿಂತ ಸಣ್ಣವನಿಗೂ ಇದು ಎಟಕುತ್ತದೆ ಎಂಬುದು ಅದರ ಅರ್ಥ. ಇದೇ ಅಶೋಕ ಉತ್ತರದ ತನ್ನ ಕಂಬಗಳಲ್ಲಿ ಕೊಲ್ಲಬಾರದ ಜೀವಿಗಳ ಹೆಸರು ಕೆತ್ತಿಸಿದ್ದಾನೆ. ಗಿಳಿ, ಹಂಸ, ಬಾವಲಿ, ಆಮೆ, ಮುಳ್ಳುಹಂದಿ, ಇರುವೆ ಕೂಡ. ಕೆಲವು ಹೆಸರಿನ ಅರ್ಥ ಇನ್ನೂ ಗಟ್ಟಿಯಾಗಿಲ್ಲ, ಅರ್ಥವಾದವುಗಳಲ್ಲಿ ಕಪ್ಪೆ ಇಲ್ಲ. ಆಗಲೂ ಕನಿಷ್ಠ ಕಾಳಜಿಯೇ ಇರಬೇಕು. ನಾವು ಆ ಬಂಡೆಯ ಹತ್ತಿರ ಕೂತು ಬಹಳ ಹೊತ್ತು ವಾದ ಮಾಡಿದ್ದೇವೆ. ಸಣ್ಣವನಿಗೂ ಎಟಕುತ್ತದೆ ಎಂದರೆ ಸಣ್ಣವನ ಮೇಲೂ ಹೊರೆ ಬಿತ್ತು ಎಂದೇ ಅರ್ಥವಲ್ಲವೆ? ಧಣಿ ಹೇಳಿದ, ನಾವು ಒಗೆದೆವು ಎಂದು ಕೈ ಝಾಡಿಸಿದರೆ, ನಮಗೆ ಸ್ವಂತ ಮನಸ್ಸಿಲ್ಲ ಎಂದು ನಾವೇ ಒಪ್ಪಿದಂತೆ. ಹಾಗೆ ಒಪ್ಪಲು ನಮ್ಮ ಮರ್ಯಾದೆ ಬಿಡುವುದಿಲ್ಲ. ಈ ವರ್ಷ ಕೇರಿಯ ಕೆಲವರು ಬರಿಗೈಲಿ ಗುಳಿಗೆ ಒಗೆಯುವುದಿಲ್ಲ ಎಂದು ಕೂತೆವು. ಕಪ್ಪೆಗಾಗಿ ಎಂದು ಹೇಳಲಿಲ್ಲ, ಹೇಳಿದ್ದರೆ ನಗುತ್ತಿದ್ದರು. ಕಾಲಿಗಾಗಿ ಎಂದೆವು. ಗುಮಾಸ್ತ ಬೇರೆ ಊರಿನ ಆಳು ಕರೆಸಿದ.

ಈಗ ಕಪ್ಪೆ ಜೋರಾಗಿ ಕೂಗುವ ಜಾಗ ನಮ್ಮೂರಲ್ಲಿ ಒಂದೇ ಉಳಿದಿದೆ. ಕೇರಿಯ ಹಿಂದಿನ ತಗ್ಗು. ಊರ ಬಚ್ಚಲ ನೀರೆಲ್ಲ ಬಂದು ಅಲ್ಲಿ ನಿಲ್ಲುತ್ತದೆ, ಗದ್ದೆಯ ಬಸಿನೀರು ಮಾತ್ರ ಅಲ್ಲಿಗೆ ಬರುವುದಿಲ್ಲ. ಸೊಳ್ಳೆಯೂ ಅಲ್ಲೇ. ಹೋದ ವರ್ಷ ಮೂರು ಮನೆಯಲ್ಲಿ ಡೆಂಗಿ ಬಂತು. ಆ ತಗ್ಗು ಮುಚ್ಚಿ ಸಿಮೆಂಟಿನ ಚರಂಡಿ ಮಾಡಿಕೊಡಿ ಎಂದು ಐದು ವರ್ಷದಿಂದ ಅರ್ಜಿ ಕೊಡುತ್ತಿರುವವರೂ ನಾವೇ, ಬರೆದದ್ದು ಇದೇ ಕೈ. ಅರ್ಜಿ ಹಿಂದಕ್ಕೆ ತೆಗೆಯುವುದಿಲ್ಲ. ನಮ್ಮ ಕೂಸುಗಳು ಕೊಳಚೆಯ ಪಕ್ಕ ಮಲಗಲಿ, ಕಪ್ಪೆ ಉಳಿಯಲಿ ಎಂದು ಯಾರಾದರೂ ಬಂದು ಹೇಳಿದರೆ ಅವರನ್ನು ಒಂದು ರಾತ್ರಿ ಅಲ್ಲೇ ಮಲಗಿಸುತ್ತೇವೆ. ಆದರೆ ಚರಂಡಿ ಆಗುವ ಮುಂಚೆ ಊರ ಗಾಯರಾಣದಲ್ಲಿ ಮಳೆನೀರಿನ ಒಂದು ಗುಂಡಿ ತೋಡಲು ಬಿಡಿ, ಗೊದಮೊಟ್ಟೆಗಳನ್ನು ಕೊಡದಲ್ಲಿ ಹೊತ್ತು ಅಲ್ಲಿಗೆ ಬಿಡುತ್ತೇವೆ ಎಂದು ಹೊಸ ಅರ್ಜಿಯಲ್ಲಿ ಒಂದು ಸಾಲು ಸೇರಿಸಿದ್ದೇವೆ. ಗಾಯರಾಣದ ಪಕ್ಕದ ಹೊಲದವರು, ಕೇರಿಯವರು ಆ ನೆಪದಲ್ಲಿ ಜಾಗ ಹಿಡಿಯುತ್ತಾರೆ ಎಂದು ತಕರಾರು ತೆಗೆದಿದ್ದಾರೆ.

ಅರ್ಜಿ ಪಂಚಾಯ್ತಿಯಲ್ಲಿದೆ. ರೋಹಿಣಿ ಮಳೆ ಒಂದು ಬಿದ್ದಿದೆ. ನಿನ್ನೆ ರಾತ್ರಿ ತಗ್ಗಿನಲ್ಲಿ ಕೂಗು ಶುರುವಾದಾಗ ಅವ್ವ ಒಳಗಿಂದಲೇ ಬೈದಳು, "ನಿದ್ದಿ ಮಾಡಾಕ ಬಿಡಂಗಿಲ್ಲ ನೋಡ್ರಿ ಇವು." ಬೈದವಳು ಎದ್ದು ಬಂದು, ಕಟ್ಟೆಯ ಮೇಲೆ ನಮ್ಮ ಜೊತೆ ಕುಂತಳು.