ಆಯ್ಕೆಯಾಗದ ಮಗುವಿನ ವಿಷಯವಾಗಿ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಗ್ರಾಮಗಳಲ್ಲಿ, ಐದನೆಯ ತರಗತಿಯಲ್ಲಿ ಓದುವ ಮಗುವುಳ್ಳ ಮನೆಗಳಲ್ಲಿ, ವರುಷ ವರುಷವೂ ಒಂದು ಚಿಂತೆ ಹುಟ್ಟುವದುಂಟು. ಅದು ಯಾವದೆಂದರೆ, ನಮ್ಮ ಮಗುವಿಗೆ ನವೋದಯ ವಿದ್ಯಾಲಯದಲ್ಲಿ ಸ್ಥಳ ದೊರೆಯುವದೋ ಇಲ್ಲವೋ ಎಂಬದೇ. ಪ್ರಿಯ ವಾಚಕರೇ, ಇದನ್ನು ಬಯಸುವದು ಯುಕ್ತವೋ, ಬಯಸುವದಾದರೆ ಎಷ್ಟರ ಮಟ್ಟಿಗೆ ಎಂಬದನ್ನು ನಾವು ಆಲೋಚಿಸೋಣ.

ಹಳ್ಳಿಗಳಲ್ಲಿರುವ ಪ್ರತಿಭಾವಂತರಾದ ಮಕ್ಕಳಿಗೆ, ಅವರ ಮನೆಯ ಬಡತನವನ್ನು ಎಣಿಸದೆ, ಒಳ್ಳೇ ವಿದ್ಯೆ ಸಿಕ್ಕಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ಶಾಲೆಗಳನ್ನು ಉದ್ದೇಶಿಸಿತು. ಸ್ಥಳಗಳಲ್ಲಿ ನೂರಕ್ಕೆ 75ಕ್ಕೆ ಕಡಿಮೆಯಿಲ್ಲದಷ್ಟು ಗ್ರಾಮದ ಮಕ್ಕಳಿಗೆ ಸಲ್ಲುತ್ತವೆ. ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳದು. ಊಟಕ್ಕಾಗಲಿ ವಸತಿಗಾಗಲಿ ಪುಸ್ತಕಕ್ಕಾಗಲಿ ಹಣ ಕೊಡಬೇಕಾಗಿಲ್ಲ. ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಆದದರಿಂದ ಕೂಲಿಯವರಾಗಲಿ ರೇಷ್ಮೆಹುಳ ಸಾಕುವವರಾಗಲಿ ಇದನ್ನು ಬಯಸಿದರೆ ದುರಾಶೆಯಲ್ಲ. ‘ನಮ್ಮಂಥವರಿಗೆ ಅದೆಲ್ಲಾ ಯಾಕೆ?’ ಎಂದಾಗಲಿ, ‘ಹೆಣ್ಣುಮಗುವನ್ನು ಅಷ್ಟು ದೂರ ಹೇಗೆ ಬಿಡುವದು?’ ಎಂದಾಗಲಿ ಅರ್ಜಿಯನ್ನೇ ಹಾಕದವರು, ಮಗುವಿಗೆ ಸಲ್ಲತಕ್ಕ ಅವಕಾಶವನ್ನು ತಾವೇ ತಡೆಯುತ್ತಾರೆ.

ಆದರೆ ಇದಕ್ಕಿಂತ ದೊಡ್ಡ ತಪ್ಪು ಫಲಿತಾಂಶದ ದಿನದಲ್ಲಿ ನಡೆಯುವದುಂಟು. ಹೆಸರು ಬಾರದ ಮಗುವಿನ ಸಂಗಡ ತಂದೆ ಮಾತಾಡುವದಿಲ್ಲ. ‘ನಿನ್ನ ಟ್ಯೂಷನ್ನಿಗೆ ಸುರಿದ ಹಣವೆಲ್ಲಾ ನೀರುಪಾಲಾಯಿತು’ ಎಂದು ತಾಯಿ ಅನ್ನುತ್ತಾಳೆ. ನೆರೆಮನೆಯ ಮಗುವನ್ನು ತೋರಿಸಿ ಹಂಗಿಸುವವರೂ ಉಂಟು. ಹತ್ತು ವರುಷದ ಮಗುವು ಈ ಮಾತುಗಳನ್ನು ತೀರ್ಪೆಂದು ಎಣಿಸಿಕೊಳ್ಳುವದು. ಈ ಪರೀಕ್ಷೆಯನ್ನು ಒಂದು ಮಗುವು ಒಂದೇ ಸಾರಿ ಬರೆಯಬಹುದಾದದರಿಂದ, ಮುಂದಿನ ವರುಷ ಆ ತೀರ್ಪನ್ನು ತಿದ್ದುವದಕ್ಕೂ ಅದಕ್ಕೆ ದಾರಿಯಿಲ್ಲ.

ಅದು ನಿಜವಾದ ತೀರ್ಪೋ? ಒಂದು ವಿದ್ಯಾಲಯದ ಆರನೆಯ ತರಗತಿಗೆ ವರುಷಕ್ಕೆ ಹೆಚ್ಚೆಂದರೆ 80 ಮಕ್ಕಳು ಸೇರಬಹುದು. ಚಾಮರಾಜನಗರ ಜಿಲ್ಲೆಯ ಐದು ತಾಲ್ಲೂಕುಗಳಿಗೂ ಸೇರಿ ಇರುವದು ಇಷ್ಟೇ. ಜಿಲ್ಲೆಯಲ್ಲಿ ಬುದ್ಧಿಯುಳ್ಳ ಮಕ್ಕಳು 80 ಮಂದಿಯೇ ಎಂದು ಯಾರೂ ಎಣಿಸಿ ನೋಡಿಲ್ಲ. ಸ್ಥಳಗಳು ಮಾತ್ರ ಅಷ್ಟಿವೆ. ಕಣದಲ್ಲಿ ರಾಗಿ ರಾಶಿಯಾಗಿದ್ದು ಕೊಳಗ ತುಂಬಿದ ಮೇಲೆ, ಹೊರಗುಳಿದ ಕಾಳು ಜೊಳ್ಳಾಗುವದೋ? ಇದಲ್ಲದೆ ಎರಡು ಗಂಟೆಗಳ ಪರೀಕ್ಷೆಯು ಅಳೆಯುವದು ಬುದ್ಧಿಸಾಮರ್ಥ್ಯ, ಗಣಿತ, ಭಾಷೆ ಎಂಬ ಮೂರನ್ನೇ. ತಂಗಿಯನ್ನು ಎತ್ತಿಕೊಂಡು ಸಾಕುವ ಅಕ್ಕನ ತಾಳ್ಮೆಯನ್ನೂ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಗುವಿಗಿರುವ ಕಾಡಿನ ತಿಳಿವನ್ನೂ ಅಳೆಯುವ ಪ್ರಶ್ನೆ ಅದರಲ್ಲಿಲ್ಲ.

‘ಇವನಿಗೆ ಓದು ಹತ್ತದು’ ಎಂದು ಮಗುವನ್ನು ಕೆಲಸಕ್ಕೆ ಹಚ್ಚುವವರು ಮಾಡುವದು ಅನ್ಯಾಯವೇ ಸರಿ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಆರರಿಂದ ಹದಿನಾಲ್ಕು ವರುಷದ ಪ್ರತಿ ಮಗುವಿಗೂ ಹತ್ತಿರದ ಸರಕಾರಿ ಶಾಲೆಯಲ್ಲಿ ಉಚಿತ ವಿದ್ಯೆ ಸಲ್ಲುತ್ತದೆ. ಅದಕ್ಕೆ ಪ್ರವೇಶಪರೀಕ್ಷೆಯಿಲ್ಲ. ಆಯ್ಕೆಯಾದ ಮಗುವಿನ ತಂದೆತಾಯಿಗಳು ಆ ಊರ ಶಾಲೆಯನ್ನು ಮರೆಯಬಾರದು. ಯಾಕಂದರೆ ಅವರ ಮಗುವಿಗೆ ಅಕ್ಷರ ಕಲಿಸಿದ್ದು ಅದೇ. ಮನೆಯಲ್ಲುಳಿದ ಮಗುವಿನ ತಂದೆತಾಯಿಗಳಾದರೋ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ತಪ್ಪದೆ ಹೋಗಿ, ಅಲ್ಲಿ ಪಾಠ ಹೇಗೆ ನಡೆಯುತ್ತದೆಂದು ಕೇಳತಕ್ಕದ್ದು.

ಪರೀಕ್ಷೆಗೆ ಹೋಗುವ ಮುಂಚೆಯೇ ಮಗುವಿಗೆ ಹೀಗೆ ಹೇಳಿರಿ: ‘ಚೆನ್ನಾಗಿ ಬರೆ. ಸ್ಥಳ ಸಿಕ್ಕಿದರೆ ಸಂತೋಷ. ಸಿಕ್ಕದಿದ್ದರೂ ನೀನು ನಮ್ಮ ಮಗುವೇ, ನಿನ್ನ ಓದು ನಿಲ್ಲುವದಿಲ್ಲ.’ ಫಲಿತಾಂಶ ಬಂದ ಮೇಲೆ ಇದೇ ಮಾತನ್ನು ಹೇಳಿದರೆ ಅದು ಬರೀ ಸಮಾಧಾನವಾಗಿ ಕೇಳಿಸುವದು. ಮುಂಚೆಯೇ ಹೇಳಿದರೆ ಮಗುವು ಅದನ್ನು ನಂಬುವದು.